ಬೆಂಗಳೂರಿಗೆ ಬಂದಾಗ ಹೋಟೆಲ್ ಊಟ-ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಆಸ್ಪತ್ರೆ, ಪರೀಕ್ಷೆ, ಕಚೇರಿ ಕೆಲಸ ಅಂತ ಬೇರೆ ಊರುಗಳಿಂದ ಎರಡು ಮೂರು ದಿನದ ಮಟ್ಟಿಗೆ ಬೆಂಗಳೂರಿಗೆ ಬರುವವರಿಗಾಗಿ ಈ ಪುಟ. ಇಲ್ಲಿ ಒಳ್ಳೆಯ ಹೋಟೆಲಿಗೆ ಬರವಿಲ್ಲ. ಹೆಚ್ಚಿನವರಿಗೆ ಊಟ ಕೆಡುವುದು ಹೊತ್ತು ತಪ್ಪಿ ಹೋಗುವುದರಿಂದ, ಒಂದು ಬಗೆಯ ಹೋಟೆಲಿನಲ್ಲಿ ಇನ್ನೊಂದು ಬಗೆಯ ಅಡುಗೆ ಕೇಳುವುದರಿಂದ. ಹಾಗಾಗಿ ಮೊದಲ ಪ್ರಶ್ನೆಯೇ ಹೊತ್ತಿನದು.

ಯಾವ ಹೊತ್ತಿಗೆ ಏನು ಸಿಗುತ್ತದೆ?

ಸಸ್ಯಾಹಾರಿ ಹೋಟೆಲುಗಳಲ್ಲಿ ಬೆಳಗ್ಗೆ ಆರೂವರೆ, ಏಳರಿಂದ ಹನ್ನೊಂದರ ತನಕ ತಿಂಡಿ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೊಂಗಲ್, ಪೂರಿ, ದೋಸೆ. ಹನ್ನೆರಡರಿಂದ ಮೂರರವರೆಗೆ ಊಟ, ಜೊತೆಗೆ ಬಿಸಿಬೇಳೆಬಾತ್, ಪಲಾವ್, ಮೊಸರನ್ನ. ಈ ಹೊತ್ತಿನಲ್ಲಿ ಅನೇಕ ಕಡೆ ದೋಸೆ ಕಾವಲಿ ಆರಿಸಿರುತ್ತಾರೆ, ಅಡುಗೆಯವರು ಊಟದ ಕೆಲಸದಲ್ಲಿರುತ್ತಾರೆ. ಮೂರೂವರೆ, ನಾಲ್ಕಕ್ಕೆ ಮತ್ತೆ ಕಾವಲಿ ಕಾಯುತ್ತದೆ. ಏಳರ ನಂತರ ರೊಟ್ಟಿ, ಕರಿ, ಗೋಬಿ, ಫ್ರೈಡ್ ರೈಸ್ ಕಡೆಗೆ ಗಮನ ಹೋಗುತ್ತದೆ. ಇಡ್ಲಿ ರಾತ್ರಿ ಒಂಬತ್ತಕ್ಕೂ ಸಿಗಬಹುದು, ಆದರೆ ಆವಿ ಆರಿ ಗಟ್ಟಿಯಾಗಿರುತ್ತದೆ. ಅದನ್ನು ಬೆಳಗ್ಗೆಯೇ ತಿನ್ನಿ.

ಮಾಂಸಾಹಾರದ ಮಿಲಿಟರಿ ಹೋಟೆಲುಗಳ ಲೆಕ್ಕವೇ ಬೇರೆ. ಅಲ್ಲಿ ಮಧ್ಯಾಹ್ನವೇ ಮುಖ್ಯ. ಒಂದೂವರೆಯ ಒಳಗೆ ಹೋದರೆ ಎಲ್ಲವೂ ಇರುತ್ತದೆ, ಮೂರಕ್ಕೆ ಹೋದರೆ ತಲೆಮಾಂಸ, ಬೋಟಿ, ಚಾಪ್ಸ್ ಖಾಲಿಯಾಗಿ ಬರೀ ಬಿರಿಯಾನಿ ಉಳಿದಿರುತ್ತದೆ.

ದರ್ಶಿನಿ ಅಂದರೇನು? ಅಲ್ಲಿ ಹೇಗೆ ತಿನ್ನುವುದು?

ನಿಂತು ತಿನ್ನುವ, ನಾವೇ ತಟ್ಟೆ ತೆಗೆದುಕೊಳ್ಳುವ ಚಿಕ್ಕ ಹೋಟೆಲು. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಈ ಕ್ರಮ ಈಗ ಊರೆಲ್ಲ ಇದೆ. ಮೊದಲು ಗಲ್ಲಾದಲ್ಲಿ ಏನು ಬೇಕೋ ಹೇಳಿ ದುಡ್ಡು ಕೊಡಬೇಕು. ಚೀಟಿ ಕೊಡುತ್ತಾರೆ. ಆ ಚೀಟಿಯನ್ನು ತಿಂಡಿ ಕೊಡುವ ಕಡೆ ತೋರಿಸಿದರೆ ಹರಿದೋ ಗೀಟು ಎಳೆದೋ ವಾಪಸ್ ಕೊಡುತ್ತಾರೆ. ದೋಸೆಗೆ ಬೇರೆ ಕಿಟಕಿ, ಕಾಫಿಗೆ ಬೇರೆ ಕಿಟಕಿ ಇರುವುದು ಸಾಮಾನ್ಯ. ಚೀಟಿ ಎಸೆಯಬೇಡಿ, ಕಾಫಿ ಇನ್ನೂ ಬಾಕಿ ಇರುತ್ತದೆ.

ಹೊಸಬರು ಎಡವುವುದು ಮೂರು ಕಡೆ. ಒಂದು, ಜನ ಗುಂಪುಗೂಡಿರುವ ದೋಸೆ ಕಿಟಕಿಯಲ್ಲಿ ಚೀಟಿಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ನಿಲ್ಲುವುದು. ಚೀಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು "ಎರಡು ಮಸಾಲೆ, ಒಂದು ಖಾಲಿ" ಅಂತ ಹೇಳಿದ ಮೇಲೆಯೇ ನಿಮ್ಮ ಸರದಿ ಶುರು. ಎರಡು, ತಿಂಡಿಯ ಜೊತೆಗೇ ಕಾಫಿ ತೆಗೆದುಕೊಳ್ಳುವುದು. ದೋಸೆ ಮುಗಿಯುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆ. ಬಿಲ್ ಒಟ್ಟಿಗೆ ಮಾಡಿಸಿ, ಲೋಟ ಕೊನೆಗೆ ತನ್ನಿ. ಮೂರು, ಚಟ್ನಿ-ಸಾಂಬಾರ್ ಎರಡನೇ ಸಲ ಕೇಳಲು ಸಂಕೋಚ. ಬಹುತೇಕ ಕಡೆ ಅದಕ್ಕೆ ಪ್ರತ್ಯೇಕ ಹಣ ಇಲ್ಲ, ತಟ್ಟೆ ಹಿಡಿದು ಹೋಗಿ ಕೇಳಿ. ತಿಂದಾದ ಮೇಲೆ ತಟ್ಟೆಯನ್ನು ಟೇಬಲ್ ಮೇಲೆ ಬಿಡದೆ, ಕೈ ತೊಳೆಯುವ ಜಾಗದ ಹತ್ತಿರದ ಟಬ್ಬಿಗೆ ಹಾಕಬೇಕು.

ಗಲ್ಲಾದಲ್ಲಿ ಜನ ಏನೇನೋ ಹೇಳುತ್ತಾರೆ, ಅರ್ಥ ಆಗುವುದಿಲ್ಲ.

"ಬೈಟು ಕಾಫಿ" ಅಂದರೆ ಒಂದು ಕಾಫಿ, ಎರಡು ಲೋಟ. "ಸಿಂಗಲ್ ಇಡ್ಲಿ ವಡೆ" ಅಂದರೆ ಒಂದು ಇಡ್ಲಿ, ಒಂದು ವಡೆ. "ಡಿಪ್" ಅಂದರೆ ಸಾಂಬಾರಿನಲ್ಲಿ ಮುಳುಗಿಸಿ ಕೊಡುವುದು. ವಡೆ ಗರಿಗರಿಯಾಗಿ ಬೇಕಿದ್ದರೆ ಸಾಂಬಾರ್ ಬೇರೆ ಬಟ್ಟಲಲ್ಲಿ ಕೊಡಿ ಅಂತ ಮೊದಲೇ ಹೇಳಬೇಕು, ಒಮ್ಮೆ ಸುರಿದರೆ ಮುಗಿಯಿತು. "ಚೌಚೌಬಾತ್" ಅಂದರೆ ಒಂದೇ ತಟ್ಟೆಯಲ್ಲಿ ಖಾರಾಬಾತ್, ಕೇಸರಿಬಾತ್. "ಖಾಲಿ" ಅಂದರೆ ಪಲ್ಯವಿಲ್ಲದ ಮೆತ್ತನೆ ದೋಸೆ. "ಸೆಟ್" ಅಂದರೆ ಅಂಥದೇ ಚಿಕ್ಕ ದೋಸೆ ಎರಡೋ ಮೂರೋ, ಸಾಗು ಜೊತೆ. ಕಾಫಿಗೆ "ಸ್ಟ್ರಾಂಗ್" ಅಂದರೆ ಡಿಕಾಕ್ಷನ್ ಜಾಸ್ತಿ, "ಲೈಟ್" ಅಂದರೆ ಹಾಲು ಜಾಸ್ತಿ. ಸಕ್ಕರೆ ಬೇಡವಾದರೆ ಲೋಟ ತುಂಬುವ ಮೊದಲೇ ಹೇಳಿ. ಅನೇಕ ಕಡೆ ಸಕ್ಕರೆ ಲೋಟದ ತಳದಲ್ಲಿ ಮೊದಲೇ ಇರುತ್ತದೆ.

ಹೆಸರಾಂತ ಹಳೆಯ ಹೋಟೆಲುಗಳಿಗೆ ಹೋಗಬೇಕು. ಯಾವ ದಿನ, ಯಾವ ಹೊತ್ತು ಒಳ್ಳೆಯದು?

ವಾರದ ದಿನ, ಬೆಳಗ್ಗೆ ಏಳರಿಂದ ಎಂಟೂಕಾಲರ ಒಳಗೆ. ಶನಿವಾರ, ಭಾನುವಾರ ಒಂಬತ್ತರಿಂದ ಹನ್ನೊಂದರ ನಡುವೆ ಹೋದರೆ ಅರ್ಧ ಗಂಟೆಯಿಂದ ಒಂದು ಗಂಟೆ ನಿಲ್ಲುವುದು ಖಾತ್ರಿ ಅಂತಲೇ ಅಂದುಕೊಳ್ಳಿ.

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್, ಎಲ್ಲರೂ ಕರೆಯುವ ಎಂಟಿಆರ್, 1924ರದು. ಸೋಮವಾರ ರಜೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ಇಲ್ಲೇ. ತುಪ್ಪ, ಚಟ್ನಿ, ಆಲೂಗಡ್ಡೆ ಸಾಗು ಜೊತೆ ಬರುತ್ತದೆ, ಸಾಂಬಾರ್ ಹುಡುಕಬೇಡಿ. ಮಧ್ಯಾಹ್ನದ ಊಟಕ್ಕೆ ಹೋಗುವುದಾದರೆ ಬೆಳಗ್ಗೆ ಹೊಟ್ಟೆ ತುಂಬ ತಿನ್ನಬೇಡಿ, ಬಡಿಸುವುದು ನಿಲ್ಲುವುದೇ ಇಲ್ಲ, ಮತ್ತು ನಡುವೆ ಎದ್ದು ಬರಲು ಮನಸ್ಸಾಗುವಂಥ ಊಟವೂ ಅಲ್ಲ.

ಬಸವನಗುಡಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು, ಶುಕ್ರವಾರ ರಜೆ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಇಬ್ಬರೇ ಇದ್ದರೆ ಬೇರೆಯವರ ಜೊತೆ ಒಂದೇ ಟೇಬಲ್ಲಿಗೆ ಕೂರಿಸುತ್ತಾರೆ, ಇದು ಇಲ್ಲಿನ ರೂಢಿ. ಹತ್ತು ಹನ್ನೆರಡು ತಟ್ಟೆ ದೋಸೆಯನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಬಡಿಸುವವರು ಬರುತ್ತಾರೆ. ಅವರು ಹಾದು ಹೋಗುವಾಗ ಕುರ್ಚಿ ಹಿಂದೆ ಎಳೆಯಬೇಡಿ. ಚಟ್ನಿ ನೀರಾಗಿರುತ್ತದೆ, ದೋಸೆ ದಪ್ಪ ಮತ್ತು ಮೇಲೆ ಕೆಂಪಗೆ ಗರಿ. ಕಾಗದದಂಥ ತೆಳು ದೋಸೆ ಇಷ್ಟಪಡುವವರಿಗೆ ಇದು ಬೇರೆ ಅನ್ನಿಸುತ್ತದೆ.

ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ, ಅದನ್ನು ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಈ ಹಳೆಯ ಜಾಗಗಳು ಹೆಚ್ಚಾಗಿ ಮಧ್ಯಾಹ್ನ ಎರಡು ಮೂರು ಗಂಟೆಗಳ ಕಾಲ ಬಾಗಿಲು ಹಾಕುತ್ತವೆ.

ಒಂದೇ ದಿನ ಇವೆಲ್ಲ ಮುಗಿಸಬಹುದೇ?

ಬೇಡ. ಹಸಿವೆಯೂ ಇರುವುದಿಲ್ಲ, ಟ್ರಾಫಿಕ್ ಕೂಡ ಬಿಡುವುದಿಲ್ಲ. ಒಂದು ಹೊತ್ತಿಗೆ ಒಂದು ಬಡಾವಣೆ ಅಂತ ಇಟ್ಟುಕೊಳ್ಳಿ. ಬಸವನಗುಡಿ, ವಿ.ವಿ. ಪುರಕ್ಕೆ ನಮ್ಮ ಮೆಟ್ರೋದ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣ. ಮಲ್ಲೇಶ್ವರಕ್ಕೆ ಅದೇ ಮಾರ್ಗದ ಸಂಪಿಗೆ ರಸ್ತೆ ನಿಲ್ದಾಣ. ಚರ್ಚ್ ಸ್ಟ್ರೀಟಿಗೆ ನೇರಳೆ ಮಾರ್ಗದ ಎಂ.ಜಿ. ರಸ್ತೆ ನಿಲ್ದಾಣ. ಎರಡೂ ಮಾರ್ಗ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ, ಹಾಗಾಗಿ ಬಸ್ಸಿನಿಂದ ಇಳಿದವರಿಗೆ ಆಟೊ ಚೌಕಾಸಿಯ ತಲೆನೋವೇ ಇಲ್ಲ.

ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇವೆ. ಎಲ್ಲಿ ತಿನ್ನುವುದು?

ಐದಕ್ಕೆ ಕಾಫಿ, ಟೀ, ಬನ್ ಸಿಗುತ್ತದೆ. ಸರಿಯಾದ ತಿಂಡಿಗೆ ಆರೂವರೆವರೆಗೆ ತಾಳಿ. ಗಾಂಧಿನಗರದ ಒಳರಸ್ತೆಗಳ ಸಸ್ಯಾಹಾರಿ ಹೋಟೆಲುಗಳಲ್ಲಿ ಆಗ ಮೊದಲ ಇಡ್ಲಿ ಅಟ್ಟ ಇಳಿದಿರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ದರ ಇಟ್ಟರು. ಏಳೂವರೆ ಹೊತ್ತಿಗೆ ಟೋಕನ್ ಕೊಡಲು ಶುರುಮಾಡುತ್ತಾರೆ. ತಟ್ಟೆಗಳು ಲೆಕ್ಕದ ಪ್ರಕಾರ ಬರುತ್ತವೆ, ತಡವಾಗಿ ಹೋದರೆ ಮುಗಿದಿರುತ್ತವೆ. ಆಸ್ಪತ್ರೆಗೆ ಬಂದು ವಾರಗಟ್ಟಲೆ ಉಳಿಯುವವರಿಗೆ ಇದಕ್ಕಿಂತ ದೊಡ್ಡ ಆಸರೆ ಈ ಊರಲ್ಲಿ ಬೇರೆ ಇಲ್ಲ.

ಅಜ್ಜಿ, ಮಕ್ಕಳು ಸೇರಿ ಎಂಟು ಜನ ಇದ್ದೇವೆ. ನಿಂತು ತಿನ್ನಲು ಆಗುವುದಿಲ್ಲ.

ಕೆಳಗೆ ನಿಂತು ತಿನ್ನುವ ಜಾಗ, ಪಕ್ಕದಲ್ಲೋ ಮಹಡಿಯಲ್ಲೋ ಕೂರುವ ಹಾಲ್, ಇನ್ನೊಂದು ಎಸಿ ಹಾಲ್ ಇರುವ ಮಧ್ಯಮ ಗಾತ್ರದ ಹೋಟೆಲು ನೋಡಿ. ಜಯನಗರ, ರಾಜಾಜಿನಗರ, ಮಲ್ಲೇಶ್ವರದಲ್ಲಿ ಬೇಕಾದಷ್ಟಿವೆ. ಅಡುಗೆಮನೆ ಒಂದೇ, ದರ ಮೂರು. ಕೆಳಗೆ 80 ರೂಪಾಯಿಯ ದೋಸೆ ಎಸಿ ಹಾಲ್‌ನಲ್ಲಿ 110, 120 ಆಗಬಹುದು. ಕೂರುವ ಮೊದಲು ದರಪಟ್ಟಿ ಕೇಳಿ. ಲಿಫ್ಟ್ ಇದೆಯೇ, ಶೌಚಾಲಯ ಯಾವ ಮಹಡಿಯಲ್ಲಿದೆ ಅಂತ ಕೂಡ ಆಗಲೇ ವಿಚಾರಿಸಿ. ದರ್ಶಿನಿಗಳಲ್ಲಿ ಕೈ ತೊಳೆಯುವ ನಲ್ಲಿ ಬಿಟ್ಟರೆ ಬೇರೇನೂ ಇರುವುದಿಲ್ಲ. ತುರ್ತಿಗೆ ಮೆಟ್ರೋ ನಿಲ್ದಾಣದ ಶೌಚಾಲಯ ಬಳಸಬಹುದು.

ಮಗುವಿಗೆ ಖಾರ ಆಗದಿದ್ದರೆ ಇಡ್ಲಿ ಜೊತೆ ತುಪ್ಪ, ಸಕ್ಕರೆ ಕೇಳಿ, ಕೊಡುತ್ತಾರೆ. ಮೊಸರನ್ನದಲ್ಲಿ ಹಸಿಮೆಣಸು, ಒಗ್ಗರಣೆ ಇರುತ್ತದೆ ಅನ್ನುವುದು ನೆನಪಿರಲಿ. ಕಡಲೆಬೀಜದ ಅಲರ್ಜಿ ಇರುವವರು ಚಟ್ನಿ, ಪುಳಿಯೋಗರೆ, ಚಿತ್ರಾನ್ನ ಮೂರನ್ನೂ ಕೇಳಿಯೇ ಮುಟ್ಟಬೇಕು. ಗೋಡಂಬಿ ಖಾರಾಬಾತ್, ಪೊಂಗಲ್‌ನಲ್ಲೂ ಇರುತ್ತದೆ, ಕೂರ್ಮಾದ ಮಸಾಲೆಯಲ್ಲಿ ಅರೆದು ಹಾಕಿರುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ.

ನಾವು ಹುಬ್ಬಳ್ಳಿ-ಧಾರವಾಡ ಕಡೆಯವರು. ಇಲ್ಲಿನ ಸಾಂಬಾರ್ ಸಿಹಿ, ರೊಟ್ಟಿ ಸಿಗುವುದಿಲ್ಲ.

ಇಲ್ಲಿನ ಅನೇಕ ಹೋಟೆಲುಗಳು ಉಡುಪಿ ಕಡೆಯ ಅಡುಗೆ ಕ್ರಮದವು, ಸಾಂಬಾರಿಗೆ ಬೆಲ್ಲ ಬೀಳುತ್ತದೆ. ಕಡಿಮೆ ಮಾಡಿ ಅಂತ ಕೇಳಿ ಫಲವಿಲ್ಲ, ಬೆಳಗ್ಗೆಯೇ ಹಂಡೆ ತುಂಬ ಕುದಿಸಿಟ್ಟಿರುತ್ತಾರೆ. ಜೋಳದ ರೊಟ್ಟಿಗೆ ಖಾನಾವಳಿಗೇ ಹೋಗಿ: ಗಾಂಧಿನಗರ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಹುಡುಕಿದರೆ ಸಿಗುತ್ತವೆ. ಒಳಗೆ ಹೋಗುತ್ತಲೇ "ಬಿಸಿ ರೊಟ್ಟಿ ಐತೇನ್ರೀ, ಕಡಕ್ ಅಷ್ಟನಾ?" ಅಂತ ಕೇಳಿಬಿಡಿ. ಮಧ್ಯಾಹ್ನ ಎರಡರ ಮೇಲೆ ಬಿಸಿ ರೊಟ್ಟಿ ಬಡಿಯುವವರು ಎದ್ದಿರುತ್ತಾರೆ, ಆಗ ಕಡಕ್ ಮಾತ್ರ. ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಎರಡನೇ ಸಲ ಬರುತ್ತವೆ. ರೊಟ್ಟಿ ಎಷ್ಟರವರೆಗೆ ದರದಲ್ಲಿ ಸೇರಿದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ಕರಾವಳಿಯವರಿಗೆ ಮೀನೂಟ?

ಸಿಗುತ್ತದೆ, ಕುಚ್ಚಲಕ್ಕಿ ಅನ್ನದ ಸಮೇತ. ಎರಡು ಮಾತು ಗಮನದಲ್ಲಿರಲಿ. ಅಂಜಲ್, ಪಾಂಫ್ರೆಟ್‌ಗೆ ಪಟ್ಟಿಯಲ್ಲಿ ದರದ ಬದಲು "ಗಾತ್ರದ ಮೇಲೆ" ಅಂತ ಇರುತ್ತದೆ, ಹುರಿಯುವ ಮೊದಲೇ ಮೀನು ತೋರಿಸಿ ದರ ಹೇಳಿ ಅನ್ನಿ. ಇನ್ನೊಂದು, ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಇಲ್ಲಿ ಬರುವುದು ಮಂಜುಗಡ್ಡೆಯ ಮೀನೋ ಬೇರೆ ಕಡೆಯದೋ ಆಗಿರುತ್ತದೆ, ದರವೂ ಏರಿರುತ್ತದೆ. ಆಗ ಕೋರಿ ರೊಟ್ಟಿಯೇ ವಾಸಿ.

ದೊನ್ನೆ ಬಿರಿಯಾನಿ, ಮುದ್ದೆ ಊಟ ಹೇಗೆ ಕೇಳಬೇಕು?

ದೊನ್ನೆ ಬಿರಿಯಾನಿಯಲ್ಲಿ ಉದ್ದ ಬಾಸ್ಮತಿ ಇರುವುದಿಲ್ಲ. ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಕೊತ್ತಂಬರಿ-ಪುದೀನದ ಹಸಿರು ಮಸಾಲೆ. ಒಂದು ದೊನ್ನೆಯಲ್ಲಿ ಅನ್ನ ಒತ್ತಿ ತುಂಬಿರುತ್ತಾರೆ, ಸಾಧಾರಣ ಹಸಿವಿನ ಇಬ್ಬರಿಗೆ ಒಂದು ಬಿರಿಯಾನಿ, ಒಂದು ಚಾಪ್ಸ್ ಸಾಕಾಗುತ್ತದೆ. ಮೊದಲ ಸಲಕ್ಕೆ ಒಂದೇ ಹೇಳಿ, ಸಾಲದಿದ್ದರೆ ಇನ್ನೊಂದು ಎರಡೇ ನಿಮಿಷದಲ್ಲಿ ಬರುತ್ತದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ, ವಾರದ ಮಧ್ಯೆ ಹನ್ನೆರಡೂವರೆಗೆ ಹೋಗಿ.

ಮುದ್ದೆ ಅಭ್ಯಾಸವಿಲ್ಲದವರು ಅಗಿಯಲು ಹೋಗಬೇಡಿ, ಹಲ್ಲಿಗೆ ಅಂಟುತ್ತದೆ. ಬೆರಳಲ್ಲಿ ಸಣ್ಣದಾಗಿ ಮುರಿದು, ಸಾರಿನಲ್ಲಿ ಉರುಳಿಸಿ ನುಂಗಬೇಕು. ಬಿಸಿ ಇರುವಾಗಲೇ ಮುಗಿಸಬೇಕು, ಆರಿದರೆ ಗಂಟಲಲ್ಲಿ ಇಳಿಯುವುದಿಲ್ಲ. ನಾಟಿ ಕೋಳಿ ಸಾರು, ಕಾಲು ಸೂಪು ಮುದ್ದೆಗೆ ಚೆನ್ನ. ಖೈಮಾ ಉಂಡೆ ಎಷ್ಟು ತುಂಡಿಗೆ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಕಬಾಬ್ ಕೆಂಪಗೆ ಹೊಳೆಯುತ್ತಿದ್ದರೆ ಬಿಟ್ಟುಬಿಡಿ. ಗೋಬಿ ಮಂಚೂರಿಗೆ 2024ರ ಮಾರ್ಚ್‌ನಲ್ಲಿ, ಕಬಾಬ್‌ಗೆ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣ ನಿಷೇಧಿಸಿದೆ. ಅಚ್ಚ ಮೆಣಸಿನಪುಡಿಯ ಬಣ್ಣ ಎಣ್ಣೆಯಲ್ಲಿ ಕರಿದಾಗ ಕಂದಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬೆರಳಿಗೆ ಅಂಟಿದ ಕೆಂಪು ಸೋಪಿಗೂ ಹೋಗದಿದ್ದರೆ ಅನುಮಾನಪಡಬೇಕಾದ್ದೇ.

ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಏನು ಮಾಡಲಿ?

"ಶುದ್ಧ ಸಸ್ಯಾಹಾರಿ" ಫಲಕ ಇದ್ದ ಮಾತ್ರಕ್ಕೆ ಈರುಳ್ಳಿ ಇಲ್ಲ ಅಂತಲ್ಲ. ಸಾಂಬಾರ್, ದೋಸೆ ಪಲ್ಯ, ಸಾಗು, ಖಾರಾಬಾತ್ ಎಲ್ಲದರಲ್ಲೂ ಈರುಳ್ಳಿ ಸಾಮಾನ್ಯ, ಮಸಾಲೆ ದೋಸೆಯ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇರುತ್ತದೆ. ಇಡ್ಲಿ-ಚಟ್ನಿ, ಪೊಂಗಲ್, ಮೊಸರನ್ನ ಬಹುಮಟ್ಟಿಗೆ ನಿಶ್ಚಿಂತೆ, ಆದರೂ ಕೇಳಿ. ಕೂತು ಪೂರ್ತಿ ಊಟ ಮಾಡಬೇಕೆಂದರೆ ರಾಜಾಜಿನಗರದ ಇಸ್ಕಾನ್ ದೇವಸ್ಥಾನದಲ್ಲಿರುವ ದಿ ಹೈಯರ್ ಟೇಸ್ಟ್‌ನಲ್ಲಿ ಎರಡನ್ನೂ ಬಳಸುವುದಿಲ್ಲ.

ಇಂದಿರಾನಗರ, ಕೋರಮಂಗಲದ ದೊಡ್ಡ ರೆಸ್ಟೋರೆಂಟಿಗೆ ಕರೆದಿದ್ದಾರೆ. ಮೆನು ನೋಡಿದರೆ ಗಾಬರಿ ಆಗುತ್ತದೆ.

ಗಾಬರಿ ಬೇಡ, ಒಂದೇ ಸಲಕ್ಕೆ ಎಲ್ಲ ಹೇಳಬೇಕಾಗಿಲ್ಲ. ನಾಲ್ಕು ಜನಕ್ಕೆ ಎರಡು ಸ್ಟಾರ್ಟರ್, ಎರಡು ಕರಿ, ಎಂಟು ರೊಟ್ಟಿ, ಒಂದು ಅನ್ನ ಸಾಮಾನ್ಯವಾಗಿ ಸಾಕು. ಮೊದಲು ಸ್ಟಾರ್ಟರ್ ಮತ್ತು ಕರಿ ಹೇಳಿ, ರೊಟ್ಟಿಯನ್ನು ನಾಲ್ಕು ನಾಲ್ಕಾಗಿ ತರಿಸಿ, ಆರಿದರೆ ಚರ್ಮದಂತೆ ಜಗ್ಗುತ್ತದೆ. ಅನ್ನ ಕೊನೆಗೆ. ಸೂಪನ್ನು ಇಬ್ಬರಿಗೆ ಹಂಚಿ ತರಲು ಹೇಳಬಹುದು. ಕೂತ ಕೂಡಲೇ "ಬಾಟಲ್ ನೀರೋ, ರೆಗ್ಯುಲರೋ" ಅಂತ ಕೇಳುತ್ತಾರೆ. ರೆಗ್ಯುಲರ್ ಅಂದರೆ ದುಡ್ಡಿಲ್ಲದ ಸಾದಾ ನೀರು, ಧೈರ್ಯವಾಗಿ ಅದನ್ನೇ ಹೇಳಿ. ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೆ ವಾದ ಮಾಡಿ ಪ್ರಯೋಜನವಿಲ್ಲ. ಕೂರಿಸಿ ಬಡಿಸುವ ಹೋಟೆಲು ಹಾಗೆ ಹಾಕಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಶುಕ್ರವಾರ, ಶನಿವಾರ ರಾತ್ರಿ ಮುಂಚೆಯೇ ಟೇಬಲ್ ಹೇಳಿಡಿ. ಕಾಲು ಗಂಟೆಗಿಂತ ಹೆಚ್ಚು ತಡವಾದರೆ ಬೇರೆಯವರಿಗೆ ಕೊಟ್ಟುಬಿಡುವುದು ವಾಡಿಕೆ. ಮಳೆಯ ಸಂಜೆಯಾದರೆ ದಾರಿಗೆ ಇನ್ನೊಂದು ಅರ್ಧ ಗಂಟೆ ಸೇರಿಸಿ ಹೊರಡಿ, ತಡವಾಗುವಂತಿದ್ದರೆ ಫೋನ್ ಮಾಡಿ ತಿಳಿಸಿ.

ಕನ್ನಡದಲ್ಲಿ ಮಾತಾಡಿದರೆ ನಡೆಯುತ್ತದೆಯೇ?

ಹಳೆಯ ಬಡಾವಣೆಗಳಲ್ಲಿ ಯೋಚನೆಯೇ ಇಲ್ಲ. ಹೊಸ ಬಡಾವಣೆಗಳಲ್ಲಿ ಬಡಿಸುವವರು ಬಹಳಷ್ಟು ಮಂದಿ ಈಶಾನ್ಯ ರಾಜ್ಯಗಳಿಂದ, ಒಡಿಶಾ, ನೇಪಾಳದಿಂದ ಬಂದವರು. ಕನ್ನಡದಲ್ಲೇ ಶುರು ಮಾಡಿ, ನಿಧಾನವಾಗಿ. "ಬೇಕು, ಬೇಡ, ಸಾಕು, ಖಾರ ಕಡಿಮೆ, ಬಿಲ್ ಕೊಡಿ" ಎಲ್ಲರಿಗೂ ಗೊತ್ತು. ಅಲರ್ಜಿಯಂಥ ವಿಷಯ ಮಾತ್ರ ಕ್ಯಾಪ್ಟನ್ ಅಥವಾ ಮ್ಯಾನೇಜರ್ ಕರೆದು ಸ್ಪಷ್ಟವಾಗಿ ಹೇಳಿ.

ಬಿಲ್‌ನಲ್ಲಿ ಏನೇನು ನೋಡಬೇಕು?

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5, ಅದು ಶೇ 2.5ರಂತೆ ಕೇಂದ್ರಕ್ಕೆ, ರಾಜ್ಯಕ್ಕೆ ಎರಡು ಸಾಲಾಗಿ ಬರುತ್ತದೆ. ದೊಡ್ಡ ತಾರಾ ಹೋಟೆಲಿನ ಒಳಗಿನ ರೆಸ್ಟೋರೆಂಟಾದರೆ ಶೇ 18 ಇರಬಹುದು. ಚಿಕ್ಕ ಹೋಟೆಲುಗಳು ಕಾಂಪೊಸಿಷನ್ ಅನ್ನುವ, ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಲ್ಲಿದ್ದರೆ ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ ಮೇಲೆ ಕಾಂಪೊಸಿಷನ್ ಅಂತ ಇದ್ದೂ ಜಿಎಸ್‌ಟಿ ಸಾಲು ಇದ್ದರೆ ಕೇಳಿ.

ಸರ್ವೀಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಲೆಕ್ಕ ಹೀಗೆ: ಊಟ 1,200 ರೂಪಾಯಿಯದಾದರೆ ಜಿಎಸ್‌ಟಿ 60, ಒಟ್ಟು 1,260. ಊಟದ 1,200ಕ್ಕೆ ಶೇ 10 ಸರ್ವೀಸ್ ಚಾರ್ಜ್ ಸೇರಿಸಿದರೆ 1,320 ಆಗಿ, ಜಿಎಸ್‌ಟಿಯೂ ಅದರ ಮೇಲೆ ಬಿದ್ದು 1,386. ಅಂದರೆ 126 ರೂಪಾಯಿ ಹೆಚ್ಚು. "ಸರ್ವೀಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ" ಅಂತ ಮೆಲ್ಲಗೆ ಕೇಳಿ, ಸಾಮಾನ್ಯವಾಗಿ ತೆಗೆಯುತ್ತಾರೆ. ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸೇವೆ ಇಷ್ಟವಾಗಿದ್ದರೆ ಟಿಪ್ಸನ್ನು ಬಡಿಸಿದವರ ಕೈಗೇ ಕೊಡಿ. ಸಾಧಾರಣ ಹೋಟೆಲಿನಲ್ಲಿ 20ರಿಂದ 50, ದೊಡ್ಡ ಕಡೆ ಬಿಲ್ಲಿನ ಶೇ 5ರಿಂದ 10 ಸಾಕು. ದರ್ಶಿನಿಯಲ್ಲಿ ಟಿಪ್ಸ್ ರೂಢಿ ಇಲ್ಲ.

ನಗದು ಬೇಕೇ, ಫೋನ್ ಸಾಕೇ?

ಫೋನ್ ಬಹುತೇಕ ನಡೆಯುತ್ತದೆ. ಆದರೂ ಐನೂರು ರೂಪಾಯಿಯಷ್ಟು ಚಿಲ್ಲರೆ ನೋಟು ಇರಲಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಬಂದ ತೆರಿಗೆ ನೋಟಿಸುಗಳ ನಂತರ 2025ರ ಜುಲೈನಲ್ಲಿ ಇಲ್ಲಿನ ಎಷ್ಟೋ ಸಣ್ಣ ಅಂಗಡಿಯವರು ಯುಪಿಐ ಫಲಕ ತೆಗೆದು ನಗದನ್ನೇ ಕೇಳತೊಡಗಿದ್ದರು.

ವಿ.ವಿ. ಪುರದ ತಿಂಡಿ ಬೀದಿಯಲ್ಲಿ ತಿಂದರೆ ಹೊಟ್ಟೆ ಕೆಡುತ್ತದೆಯೇ?

ಕಣ್ಣೆದುರು ಬಿಸಿಯಾಗಿ ಬರುವುದನ್ನು ತಿಂದರೆ ಭಯವಿಲ್ಲ: ಕಾವಲಿಯ ದೋಸೆ, ಎಣ್ಣೆಯಿಂದ ಆಗ ತಾನೇ ತೆಗೆದ ಬಜ್ಜಿ, ಹೋಳಿಗೆ. ಕೆಡಿಸುವುದು ಪಾನಿಪೂರಿಯ ನೀರು, ಹೊತ್ತಾದ ತೆಂಗಿನ ಚಟ್ನಿ, ಕತ್ತರಿಸಿಟ್ಟ ಹಣ್ಣು, ಜ್ಯೂಸಿನ ಐಸ್. ಸಂಜೆ ಆರರಿಂದ ಎಂಟರೊಳಗೆ ಹೋಗಿ, ಸಾಮಾನು ತಾಜಾ ಇರುತ್ತದೆ, ಜನಜಂಗುಳಿಯೂ ಕಡಿಮೆ. ಚಳಿಗಾಲದಲ್ಲಿ ಬಂದರೆ ಅವರೆಕಾಳಿನ ಕಾಲ. ಹಿದುಕಿದ ಬೇಳೆ, ಅವರೆಬೇಳೆ ದೋಸೆ ಬೇರೆ ತಿಂಗಳಲ್ಲಿ ಈ ರುಚಿಗೆ ಸಿಗುವುದಿಲ್ಲ.

ಇಡ್ಲಿ ತಟ್ಟೆಯ ಮೇಲೆ ಬಟ್ಟೆಯೋ ಬಾಳೆಲೆಯೋ ಇದೆಯೇ ನೋಡಿ. ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ತಪಾಸಣೆಯಲ್ಲಿ ಪತ್ತೆಯಾಗಿ ದೊಡ್ಡ ಸುದ್ದಿಯಾಯಿತು. ಅಂಥ ಹಾಳೆ ಕಂಡರೆ ಅಲ್ಲಿ ಇಡ್ಲಿ ಬೇಡ.

ಕೊಟ್ಟ ಊಟ ಹಳಸಿದ್ದರೆ?

ಮೊದಲ ತುತ್ತಿಗೇ ಗೊತ್ತಾದರೆ ಅಲ್ಲೇ ನಿಲ್ಲಿಸಿ. ಅರ್ಧ ತಿಂದ ಮೇಲೆ ಹೇಳಿದರೆ ನಿಮ್ಮ ಮಾತಿಗೆ ಬಲವಿರುವುದಿಲ್ಲ. ತಟ್ಟೆಯ ಫೋಟೊ ತೆಗೆದು, ಬಡಿಸುವವರ ಮೇಲೆ ರೇಗದೆ ಮ್ಯಾನೇಜರನ್ನು ಕರೆಯಿರಿ. ಬದಲಿಸುತ್ತಾರೆ, ಇಲ್ಲವೇ ಬಿಲ್ಲಿನಿಂದ ತೆಗೆಯುತ್ತಾರೆ. ಒಪ್ಪದಿದ್ದರೆ ಬಿಲ್ ನೋಡಿ, ಅದರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುತ್ತದೆ, 2022ರ ಜನವರಿಯಿಂದ ಅದು ಕಡ್ಡಾಯ. ಆ ಸಂಖ್ಯೆ ಹಾಕಿ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಬಹುದು.

ರಾತ್ರಿ ರೈಲಿಗೆ ಪಾರ್ಸೆಲ್ ಏನು ಕಟ್ಟಿಸಿಕೊಳ್ಳಲಿ?

ಮಸಾಲೆ ದೋಸೆ ಬೇಡ. ಬಿಸಿ ದೋಸೆಯನ್ನು ಮುಚ್ಚಿ ಕಟ್ಟಿದರೆ ಅದರದೇ ಆವಿಗೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೆಂಗಿನ ಚಟ್ನಿ ಮೂರು ಗಂಟೆ ದಾಟಿದರೆ ನಂಬಬೇಡಿ, ಬೇಸಿಗೆಯಲ್ಲಿ ಅಷ್ಟೂ ತಡೆಯುವುದಿಲ್ಲ. ಇಡ್ಲಿಗೆ ಚಟ್ನಿಪುಡಿ, ಎಣ್ಣೆ ಹಾಕಿಸಿ ಕಟ್ಟಿಸಿದರೆ ರಾತ್ರಿ ಊಟಕ್ಕೆ ಸರಿಹೋಗುತ್ತದೆ. ಪುಳಿಯೋಗರೆ ಇನ್ನೂ ಒಳ್ಳೆಯದು, ಹುಣಸೆಹುಳಿ ಮತ್ತು ಎಣ್ಣೆಯಿಂದ ಬೆಳಗ್ಗೆಯವರೆಗೂ ತಾಳುತ್ತದೆ. ಮೊಸರನ್ನ ಬೇಕೇಬೇಕು ಅನ್ನುವವರು ಹೊರಡುವ ಹೊತ್ತಿಗೆ ಕಟ್ಟಿಸಿ, ನಾಲ್ಕೈದು ಗಂಟೆಯೊಳಗೆ ಮುಗಿಸಿ. ಪಾರ್ಸೆಲ್ ಡಬ್ಬಿಗೆ 5ರಿಂದ 20 ರೂಪಾಯಿ ಬೇರೆ ಹಾಕುತ್ತಾರೆ, ನಿಮ್ಮದೇ ಸ್ಟೀಲ್ ಡಬ್ಬಿ ಕೊಟ್ಟರೆ ಅದು ಉಳಿಯುತ್ತದೆ. ಡಬ್ಬಿಯ ಮುಚ್ಚಳವನ್ನು ಐದು ನಿಮಿಷ ತೆರೆದಿಟ್ಟು, ಆವಿ ಹೋದ ಮೇಲೆ ಮುಚ್ಚಿ.